ಹಾಲಿನ ಲೆಕ್ಕಕ್ಕೆ ಕ್ಲಾಸ್ ಬೇಕಾ?

ಪ್ರಶ್ನೆ (ಮಂಡ್ಯದಿಂದ): ಮೇಡಂ, ನಮ್ಮೂರ ಡೇರಿಗೆ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ಹಾಲಿನ ದುಡ್ಡು ಲೆಕ್ಕ ಹಾಕುತ್ತದೆ. ಬರೀ ಫಂಕ್ಷನ್‌ಗಳೇ, ಒಂದೊಂದು ಕೆಲಸಕ್ಕೆ ಒಂದೊಂದು ತುಂಡು ಕೋಡ್. ನಮ್ಮ ಭಾವ ನೋಡಿ, ‘ಇದು ಹಳೇ ಕಾಲದ್ದು, ಜಾವಾ ಭಾಷೆಯಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಆಗಿ ಬರಿ’ ಅಂದರು. ಅಂದರೆ ಮಾಹಿತಿಯನ್ನೂ ಅದರ ಫಂಕ್ಷನ್‌ಗಳನ್ನೂ ‘ಕ್ಲಾಸ್’ ಅನ್ನುವ ಒಂದೇ ಕಟ್ಟಿನಲ್ಲಿಡುವುದು. ನಿಜಕ್ಕೂ ಲಾಭ ಇದೆಯಾ, ಸುಮ್ನೆ ಫ್ಯಾಷನ್ನಾ?

ಉತ್ತರ (ಮೈಸೂರಿಂದ): ನಡೆಯುತ್ತಿರುವುದನ್ನು ಕೆಡವಬೇಡಿ. ಮೊದಲು ಇದು ಹೇಳಿ: ರೈತರ ಬಾಕಿಯನ್ನು ಎಷ್ಟು ಫಂಕ್ಷನ್‌ಗಳು ನೇರವಾಗಿ ಮುಟ್ಟುತ್ತವೆ?

ಪ್ರಶ್ನೆ: ಎಣಿಸಿದೆ, 11. ಬಾಕಿ ಗ್ಲೋಬಲ್ ಅರೇಯಲ್ಲಿದೆ, ಅಂದರೆ ಯಾವ ಫಂಕ್ಷನ್ ಬೇಕಾದರೂ ಮುಟ್ಟಬಹುದಾದ ಪಟ್ಟಿಯಲ್ಲಿ. ಹೋದ ತಿಂಗಳು ಒಬ್ಬರಿಗೆ ಹಿಂಡಿಯ ಸಾಲ ಎರಡು ಸಲ ಹಿಡಿದುಬಿಟ್ಟಿತ್ತು, ಬೈಸಿಕೊಂಡೆ.

ಉತ್ತರ: ಕಾಯಿಲೆ ಅಲ್ಲೇ ಇದೆ. ಬಾಕಿಯನ್ನು ಒಳಗಿಟ್ಟು, ‘ಹಣ ಸೇರಿಸು’, ‘ಸಾಲ ಹಿಡಿ’ ಅನ್ನುವ ಎರಡೇ ಬಾಗಿಲು ಬಿಡುವುದು ಕ್ಲಾಸ್‌ನ ದೊಡ್ಡ ಉಪಕಾರ. ಆದರೆ ಅದಕ್ಕೆ ಜಾವಾ ಬೇಕಿಲ್ಲ. ಸ್ಟ್ರಕ್ಟ್‌ನ (ಸಂಬಂಧಪಟ್ಟ ಮಾಹಿತಿಯನ್ನು ಒಟ್ಟಿಗಿಡುವ ಸಿ ಭಾಷೆಯ ಕಟ್ಟು) ವಿವರವನ್ನು ಒಂದೇ ಸಿ ಫೈಲಿನಲ್ಲಿಟ್ಟು, ಬೇರೆ ಫೈಲುಗಳು ಸೇರಿಸಿಕೊಳ್ಳುವ ಹೆಡರ್ ಫೈಲಿನಲ್ಲಿ ಹೆಸರು ಮಾತ್ರ ಕೊಡಿ. ಬೇರೆ ಫೈಲಿಂದ ಮುಟ್ಟಲು ಹೋದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರೇ ತಡೆಯುತ್ತದೆ.

ಎರಡನೇ ಲಾಭ ಹಾಲು ಪರೀಕ್ಷೆಯ ಯಂತ್ರದಲ್ಲಿ. ನಾಳೆ ಬೇರೆ ಕಂಪನಿಯದು ಬಂದರೆ ಎಷ್ಟು ಕಡೆ ‘ಇಫ್’ (ಈ ಯಂತ್ರವಾದರೆ ಹೀಗೆ ಅನ್ನುವ ಷರತ್ತು) ಸೇರಿಸಬೇಕು? ಪ್ರತಿ ಯಂತ್ರಕ್ಕೂ ಅದರದೇ ‘ಓದು’ ಇದ್ದರೆ ಉಳಿದ ಕೋಡ್‌ಗೆ ಯಾವ ಯಂತ್ರ ಅಂತ ಗೊತ್ತಾಗುವುದೇ ಬೇಡ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಹುಪಾಲು ಸಿ. ಅಲ್ಲೂ ಫೈಲ್ ಓದುವ, ಬರೆಯುವ ಫಂಕ್ಷನ್ ಪಾಯಿಂಟರ್‌ಗಳನ್ನು (ಯಾವ ಫಂಕ್ಷನ್ ಕರೆಯಬೇಕೆಂಬ ವಿಳಾಸಗಳು) ಸ್ಟ್ರಕ್ಟ್‌ನಲ್ಲಿ ತುಂಬಿ ಇದನ್ನೇ ಮಾಡುತ್ತಾರೆ. ಕೈಯಿಂದ ತುಂಬುವಾಗ ಒಂದನ್ನು ಮರೆತರೆ ಪ್ರೋಗ್ರಾಂ ನಡುವೆಯೇ ಬೀಳಬಹುದು. ಜಾವಾ ಮರೆಯಲು ಬಿಡುವುದಿಲ್ಲ. ಭಾವನ ಮಾತಿನಲ್ಲಿ ಇಷ್ಟು ನಿಜ.

ಇದಕ್ಕೆ ಉಲ್ಟಾನೂ ಇದೆ. ಹೊಸ ಯಂತ್ರ ಬರದೆ, ಎಲ್ಲ ಯಂತ್ರಕ್ಕೂ ಹೊಸ ಕೆಲಸ ಸೇರಿಸಬೇಕಾದರೆ ಪ್ರತಿ ಕ್ಲಾಸನ್ನೂ ತೆರೆಯಬೇಕು. ನಿಮ್ಮ ರೀತಿಯಲ್ಲಿ ಒಂದು ಫಂಕ್ಷನ್ ಬರೆದರೆ ಮುಗಿಯಿತು.

ಇನ್ನೊಬ್ಬ ಸದಸ್ಯರು: ‘ಪ್ರಾಣಿ’ ಕ್ಲಾಸಿಂದ ‘ಹಸು’, ‘ಎಮ್ಮೆ’ ಇಳಿಸಿ, ಅದರ ಗುಣಗಳನ್ನೆಲ್ಲ ಅವಕ್ಕೆ ಕೊಟ್ಟರೆ (ಇನ್‌ಹೆರಿಟೆನ್ಸ್) ಚೆನ್ನಾಗಿರುತ್ತೆ ಅಲ್ವಾ ಮೇಡಂ? ಕಾಲೇಜಲ್ಲಿ ಹಾಗೇ ಕಲಿಸಿದ್ದು.

ಉತ್ತರ: ಡೇರಿಗೆ ಬರುವುದು ಹಾಲು ಕಣ್ರೀ, ಎಮ್ಮೆ ಅಲ್ಲ! ದರದ ಪಟ್ಟಿ ಎರಡಿದ್ದರೆ ಸಾಕು. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಕ್ಲಾಸ್ ಹುಟ್ಟಿದ ಸಿಮ್ಯುಲಾ ಭಾಷೆ ಕಟ್ಟಿದ್ದು ಸಿಮ್ಯುಲೇಷನ್‌ಗೆ, ಅಂದರೆ ನಿಜ ಜಗತ್ತಿನ ನಡೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಲು. ಅಲ್ಲಿ ಎಮ್ಮೆಯೇ ನಡೆಯಬೇಕಿದ್ದರೆ ಎಮ್ಮೆ ಬೇಕು. 2009ರಲ್ಲಿ ಬಂದ ಗೋ ಭಾಷೆಯಲ್ಲಂತೂ ಕ್ಲಾಸೂ ಇಲ್ಲ, ಇನ್‌ಹೆರಿಟೆನ್ಸೂ ಇಲ್ಲ.

ಪ್ರಶ್ನೆ: ಹಾಗಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಬಾಕಿ ಮುಟ್ಟುವ ಆ 11 ಫಂಕ್ಷನ್‌ಗಳನ್ನು 2ಕ್ಕೆ ಇಳಿಸಿ. ಬಟವಾಡೆಯ ಹಿಂದಿನ ದಿನ ಮಾತ್ರ ಕೈ ಹಾಕಬೇಡಿ.