ಸಹಾಯ ಬೇಕು: ಪ್ರೋಗ್ರಾಮಿಂಗ್ ಭಾಷೆಯಿಂದ ಕೆಲಸ ಬೇಗ ಆಗುತ್ತಾ, ಅಳೆಯುವುದು ಹೇಗೆ?

ನಮಸ್ಕಾರ. ನಮ್ಮ ತಂಡದ ಒಂದು ಸರ್ವಿಸ್ ಜಾವಾದಲ್ಲಿದೆ, ಇನ್ನೊಂದು ಪೈಥಾನ್‌ನಲ್ಲಿ. ಯಾವುದರಲ್ಲಿ ಕೆಲಸ ಬೇಗ ಸಾಗುತ್ತದೆ ಅಂತ ಮ್ಯಾನೇಜರ್‌ಗೆ ಲೆಕ್ಕ ಬೇಕಂತೆ.

ಕೋಡ್ ಸಾಲು ಎಣಿಸುವುದು ಸುಮ್ನೆ ದಂಡ. ಪೈಥಾನ್‌ನಲ್ಲಿ ಸಾಲು ಹೇಗೂ ಕಡಿಮೆ, ಅಲ್ವಾ? 2000ರಲ್ಲಿ ಸಂಶೋಧಕ ಲುಟ್ಸ್ ಪ್ರೆಚೆಲ್ಟ್ ಒಂದೇ ಸಮಸ್ಯೆಗೆ 7 ಭಾಷೆಗಳಲ್ಲಿ ಬರೆದ 80 ಪ್ರೋಗ್ರಾಂಗಳನ್ನು ಹೋಲಿಸಿದ್ದರು. ಪರ್ಲ್, ಪೈಥಾನ್‌ನಂಥವುಗಳಲ್ಲಿ ಬರೆಯಲು ಹಿಡಿದ ಸಮಯ ಸಿ, ಜಾವಾದ ಅರ್ಧದಷ್ಟೇ. ಆದರೆ ಒಂದೇ ಭಾಷೆಯಲ್ಲಿ ಬರೆದವರ ನಡುವಿನ ವ್ಯತ್ಯಾಸ ಸರಾಸರಿಯಲ್ಲಿ ಭಾಷೆಗಳ ನಡುವಿನ ವ್ಯತ್ಯಾಸದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇತ್ತು!

ನನ್ನ ತಲೆನೋವೂ ಇದೇ. ನಮ್ಮಲ್ಲಿ ಅನುಭವಿಗಳೆಲ್ಲ ಜಾವಾ ಕಡೆಗಿದ್ದಾರೆ. ಹಾಗಾದರೆ ಅಳೆಯುವುದು ಭಾಷೆಯನ್ನೋ, ಜನರನ್ನೋ? ಟಿಕೆಟ್ (ಒಂದು ಕೆಲಸದ ದಾಖಲೆ) ತೆರೆದಾಗಿನಿಂದ ರಿಲೀಸ್ ತನಕದ ಸಮಯ, ಆಮೇಲೆ ಬಂದ ಬಗ್‌ಗಳು (ಕೋಡ್‌ನ ದೋಷಗಳು), ಇವೆರಡನ್ನು ನೋಡೋಣ ಅಂತಿದ್ದೇನೆ. ಅನುಭವದ ಪಾಲನ್ನು ಇದರಿಂದ ಬೇರೆ ಮಾಡುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.