ಜೆರಾಕ್ಸ್ ಅಂಗಡಿ ವಾಟ್ಸಾಪ್‌ಗೆ ಆಧಾರ್ ಕಳಿಸದೆ ಪ್ರಿಂಟ್ ತೆಗೆಸೋದು ಹೇಗೆ?

ಮಂಡಕ್ಕಿ_ಮಿರ್ಚಿ (ಕೊಪ್ಪಳ):
ತಂಗಿಯ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರದ ಅರ್ಜಿಗೆ ಆಧಾರ್, ಮಾರ್ಕ್ಸ್ ಕಾರ್ಡ್ ಪ್ರಿಂಟ್ ಬೇಕು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವರು ಗೋಡೆಗೆ ನಂಬರ್ ಅಂಟಿಸಿದ್ದಾರೆ, ಅದಕ್ಕೇ ವಾಟ್ಸಾಪ್ ಮಾಡಿ ಅಂತಾರೆ. ಅವರ ಸ್ಕ್ರೀನ್ ಮೇಲೆ ಯಾರ್ಯಾರದೋ ಆಧಾರ್, ಪಾಸ್‌ಬುಕ್, ಮದುವೆ ಕಾರ್ಡ್ ಎಲ್ಲ ಸಾಲಾಗಿ ಬಿದ್ದಿವೆ. ಮನೆಗೆ ಪ್ರಿಂಟರ್ ತರುವಷ್ಟು ಕೆಲಸ ಇಲ್ಲ. ನೀವೆಲ್ಲ ಏನು ಮಾಡ್ತೀರಿ?

ತುಂಗಭದ್ರಾ_ದಂಡೆ:
ಓಟಿಜಿ ಪೆನ್‌ಡ್ರೈವ್ ಅಣ್ಣ, ಫೋನಿಗೇ ನೇರ ಚುಚ್ಚೋದು. ಬೇಕಾದ ಫೈಲ್ ಮಾತ್ರ ಹಾಕಿಕೊಂಡು ಹೋಗಿ, ಅದರಿಂದಲೇ ಪ್ರಿಂಟ್ ಕೊಡಿಸಿ, ಡೆಸ್ಕ್‌ಟಾಪ್‌ಗೆ ಕಾಪಿ ಮಾಡೋಕೆ ಬಿಡಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿ ಆಮೇಲೆ ಡಿಲೀಟ್ ಮಾಡಿದ್ರೂ ಡೌನ್‌ಲೋಡ್ ಆದ ಫೈಲ್ ಅಲ್ಲೇ ಇರುತ್ತೆ ಅಲ್ವಾ. ಆ ಕಂಪ್ಯೂಟರ್‌ಗಳಲ್ಲಿ ವೈರಸ್ ಜಾಸ್ತಿ, ಮನೆಗೆ ಬಂದು ಪೆನ್‌ಡ್ರೈವ್ ಫಾರ್ಮ್ಯಾಟ್ ಹೊಡೀರಿ.

ರಾಯಚೂರು_ಬಿಸಿಲು:
ಯುಐಡಿಎಐ (ಆಧಾರ್ ಕೊಡೋ ಸಂಸ್ಥೆ) ಸೈಟಿನಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ, ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಅಂತ ಸುಮ್ನೆ ನಂಬಿ ಕೂರಬೇಡಿ. ಹೆಸರಿನ ಮೊದಲ 4 ಅಕ್ಷರ, ಹುಟ್ಟಿದ ಇಸವಿ, ಅಷ್ಟೇ ಅದು. ಗೊತ್ತಿರೋರು ಯಾರಾದ್ರೂ ಊಹಿಸ್ತಾರೆ.

ಮಂಡಕ್ಕಿ_ಮಿರ್ಚಿ:
ಅರ್ಜಿಗೆ ಪೂರ್ತಿ ನಂಬರೇ ಬೇಕು ಅಂದ್ರೆ?

ರಾಯಚೂರು_ಬಿಸಿಲು:
ಆಗ ಕೊಡಲೇಬೇಕು ರೀ. ಪ್ರಿಂಟ್ ಮೇಲೆ ಅಡ್ಡಲಾಗಿ "371ಜೆ ಅರ್ಜಿಗೆ ಮಾತ್ರ" ಅಂತ ಪೆನ್ನಲ್ಲಿ ಬರೆದು ತಾರೀಖು, ಸಹಿ ಹಾಕಿಸಿ. ಜೊತೆಗೆ ಅದೇ ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೆರಳಚ್ಚು ಬಳಸಿ ದುಡ್ಡು ಎತ್ತೋ ಕಾಟ ತಪ್ಪುತ್ತೆ. ರೇಷನ್ ತರೋ ದಿನ ಮಾತ್ರ ಲಾಕ್ ತೆಗೀರಿ, ಇಲ್ಲಾಂದ್ರೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗುತ್ತೆ.