ಮುಕ್ತ ಆಡಳಿತದ ಕ್ರಿಯಾ ಯೋಜನೆ: 22 ಭರವಸೆ ಜಾಸ್ತಿ ಆಯ್ತಾ?

ಪ್ರಶ್ನೆ:
ಓಪನ್ ಗವರ್ನಮೆಂಟ್ ಪಾರ್ಟ್ನರ್‌ಶಿಪ್‌ಗಾಗಿ (ಮುಕ್ತ ಆಡಳಿತ ನಡೆಸುತ್ತೇವೆ ಅಂತ ಮಾತು ಕೊಟ್ಟ ಸರ್ಕಾರಗಳ ಅಂತರರಾಷ್ಟ್ರೀಯ ಒಕ್ಕೂಟ) ಸರ್ಕಾರ ಮುಂದಿನ ಕ್ರಿಯಾ ಯೋಜನೆ ಬರೆಯುತ್ತಿದೆ. ನಮ್ಮ ಸಂಸ್ಥೆಯನ್ನೂ ಸಭೆಗೆ ಕರೆದಿದ್ದಾರೆ. ಕರಡಿನಲ್ಲಿ 22 ಭರವಸೆಗಳಿವೆ. ಓದಿದರೆ ಯಾವುದೂ ತಪ್ಪಿಲ್ಲ, ಆದರೆ ಯಾವುದೂ ಕೈಗೆ ಸಿಗುವುದಿಲ್ಲ. "ಬಜೆಟ್ ಮಾಹಿತಿಯಲ್ಲಿ ಪಾರದರ್ಶಕತೆ ಹೆಚ್ಚಿಸಲು ಶ್ರಮಿಸಲಾಗುವುದು" ಅಂತ ಒಂದಿದೆ, ಉಳಿದವೂ ಹೆಚ್ಚುಕಡಿಮೆ ಹೀಗೇ. ಹೇಗೆ ತಿದ್ದಿಸೋದು? ಅರ್ಧ ತೆಗೆದುಹಾಕಿ ಅನ್ನಬಹುದಾ?

ಉತ್ತರ 1:
"ಲಾಗುವುದು" ಕಂಡಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ. ಆ ಪದ ಬಂದ ಕೂಡಲೇ ಮಾಡುವವನು ಮಾಯ. ಆಮೇಲೆ ಹೀಗೆ ಬರೆದು ನೋಡಿ: "ಹಣಕಾಸು ಇಲಾಖೆ ಪ್ರತಿ ಮೂರು ತಿಂಗಳ ಖರ್ಚಿನ ಲೆಕ್ಕವನ್ನು, ಅವಧಿ ಮುಗಿದ 30 ದಿನದೊಳಗೆ, ಎಕ್ಸೆಲ್‌ನಲ್ಲಿ ತೆರೆಯುವ ಫೈಲಾಗಿ ವೆಬ್‌ಸೈಟಿಗೆ ಹಾಕುತ್ತದೆ." ಈಗ 31ನೇ ದಿನ ಯಾರು ಬೇಕಾದರೂ ನೋಡಿ ಕೇಳಬಹುದು, ಅಲ್ವಾ? ಪಾರ್ಟ್ನರ್‌ಶಿಪ್‌ನ ಸ್ವತಂತ್ರ ಪರಿಶೀಲಕರೂ ಯೋಜನೆಯ ಫಲ ನೋಡಿ ವರದಿ ಬರೆಯುತ್ತಾರೆ. ಕರಡು ಮಸುಕಾಗಿದ್ದರೆ ಅವರಾದರೂ ಏನನ್ನು ಅಳೆಯಬೇಕು? ಇನ್ನೊಂದು ಮಾತು, ಆ ಕೆಲಸ ಮಾಡಬೇಕಾದ ಇಲಾಖೆಯವರು ಸಭೆಯಲ್ಲಿ ಇದ್ದಾರಾ ನೋಡಿ. ಎಷ್ಟೋ ಸಲ ಅವರಿಗೆ ವಿಷಯವೇ ಗೊತ್ತಿರುವುದಿಲ್ಲ.

ಉತ್ತರ 2:
ಒಪ್ಪಿದೆ, ಆದರೆ ಅಳೆಯೋಕೆ ಆಗೋದೆಲ್ಲ ಒಳ್ಳೆಯದಲ್ಲ. "ನಾಲ್ಕು ಕಾರ್ಯಾಗಾರ" ಕೂಡ ಅಳತೆಗೆ ಸಿಗುತ್ತದೆ, ಸಮೋಸಾ ತಿಂದು ಎದ್ದು ಬರುವುದಷ್ಟೇ. ಬ್ರಿಟನ್ 2013ರ ಯೋಜನೆಯಲ್ಲಿ, ಕಂಪನಿಗಳ ಅಸಲಿ ಒಡೆಯರು ಯಾರು ಅನ್ನೋ ಪಟ್ಟಿಯನ್ನು ಎಲ್ಲರಿಗೂ ತೆರೆದಿಡುತ್ತೇವೆ ಅಂತ ಮಾತು ಕೊಟ್ಟಿತ್ತು. ಕಾನೂನು ಬಂತು, 2016ರಲ್ಲಿ ಪಟ್ಟಿಯೂ ಬಂತು. ದೊಡ್ಡ ಕೆಲಸವೇ. ಆದರೆ ಕಂಪನಿಗಳು ತುಂಬಿದ ವಿವರ ನಿಜವಾ ಅಂತ ಪರೀಕ್ಷಿಸುವ ಬಲ ನೋಂದಣಿ ಕಚೇರಿಗೆ ಇರಲಿಲ್ಲ, ಅದಕ್ಕೆ 2023ರ ಇನ್ನೊಂದು ಕಾನೂನೇ ಬೇಕಾಯಿತು. ಹಾಗಾಗಿ ಯಾರು ಹಾಕುತ್ತಾರೆ ಅನ್ನೋದರ ಜೊತೆ, ಹಾಕಿದ್ದು ಸರಿಯಾ ಅಂತ ಯಾರು ನೋಡುತ್ತಾರೆ ಅನ್ನೋದನ್ನೂ ಬರೆಸಿ. 22ರಲ್ಲಿ ಇಂಥ ಆರೇಳು ಉಳಿದರೂ ಸಾಕು.

ಉತ್ತರ 3:
ನೀವು ಕೊಟ್ಟ ಸಲಹೆಗಳಲ್ಲಿ ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಅಂತ ಬರಹದಲ್ಲಿ ಕೇಳಿ. ಹಾಗೆ ಕಾರಣ ಕೊಡಬೇಕು ಅಂತ ಪಾರ್ಟ್ನರ್‌ಶಿಪ್‌ನ ನಿಯಮವೇ ಇದೆ. ಸುಮ್ನೆ ಕೂತು ಹೆಸರಿಗೆ ಭಾಗವಹಿಸಬೇಡಿ. 2011ರಲ್ಲಿ ಈ ಪಾರ್ಟ್ನರ್‌ಶಿಪ್ ಶುರು ಮಾಡಿದ ಎಂಟು ದೇಶಗಳಲ್ಲಿ ಮೆಕ್ಸಿಕೊ ಒಂದು. ಅಲ್ಲೇ 2017ರಲ್ಲಿ, ಕಾರ್ಯಕರ್ತರ ಫೋನುಗಳ ಮೇಲೆ ಸರ್ಕಾರ ಕಳ್ಳಗಣ್ಣು ಇಟ್ಟ ಆರೋಪ ಬಂದಾಗ, ನಾಗರಿಕ ಸಂಸ್ಥೆಗಳು ಸರ್ಕಾರದ ಜೊತೆ ಕೂರುತ್ತಿದ್ದ ಜಂಟಿ ಸಮಿತಿಯಿಂದಲೇ ಹೊರಗೆ ಬಂದವು.

ಕೇಳಿದವರು:
ಸುತ್ತು ಹಾಕಿ ನೋಡಿದೆ. 22ರಲ್ಲಿ 17 "ಲಾಗುವುದು". ಉಳಿದ ಐದರಲ್ಲಿ ಮೂರು ಕಾರ್ಯಾಗಾರ! ಹಣಕಾಸು ಇಲಾಖೆಯವರನ್ನು ಸಭೆಗೆ ಕರೆಯಿರಿ ಅಂತ ಇವತ್ತೇ ಪತ್ರ ಬರೆಯುತ್ತೇನೆ.